ಕೊಟ್ಟವರು ಯಾರು, ಕೊಂಡವರು ಯಾರು?

ಗ್ರೀಕ್ ಕಲಿಯಹೊರಟವರನ್ನು ತಬ್ಬಿಬ್ಬು ಮಾಡುವ ಕ್ರಿಯಾಪದಗಳಲ್ಲಿ ‘ದನೇಜೋ’ ಒಂದು. ಹಾಗೆಂದರೆ ‘ಸಾಲ ಕೊಡುತ್ತೇನೆ’ ಎಂದರ್ಥ. ಅದರ ಕೊನೆಯನ್ನಷ್ಟೇ ಬದಲಿಸಿ ‘ದನೇಜೊಮೈ’ ಎಂದಿರೋ, ‘ಸಾಲ ತೆಗೆದುಕೊಳ್ಳುತ್ತೇನೆ’ ಎಂದಾಯಿತು. ಸಾಹುಕಾರ ಸಾಲಗಾರನಾಗಲು ಒಂದು ಪ್ರತ್ಯಯ ಸಾಕು! (‘ದಾನ’ದ ನೆನಪಾಯಿತೇ? ಉಚ್ಚಾರ ಹತ್ತಿರವೆಂದ ಮಾತ್ರಕ್ಕೆ ನಂಟು ಕಟ್ಟಬೇಡಿ.)

ಇಂಗ್ಲಿಷಿನ ಮೂಲಕ ಗ್ರೀಕ್ ಕಲಿಯುವವರಿಗೆ ಇದು ವಿಚಿತ್ರವೆನಿಸುತ್ತದೆ. ಅಲ್ಲಿ ಕೊಡುವುದಕ್ಕೊಂದು, ಪಡೆಯುವುದಕ್ಕೊಂದು ಬೇರೆ ಬೇರೆ ಪದ. ನೀವು ಕನ್ನಡದ ದಾರಿಯಲ್ಲೇ ಹೋಗಿ ನೋಡಿ. ‘ಅಡಿಗೆ ಮಾಡಿದಳು’ ಎಂದರೆ ಯಾರಿಗಾದರೂ ಇರಬಹುದು. ‘ಮಾಡಿಕೊಂಡಳು’ ಎಂದರೆ ತನಗೇ. ನಮ್ಮ ‘ಕೊಳ್ಳು’ ಮಾಡುವ ಕೆಲಸವನ್ನೇ ಗ್ರೀಕಿನ ‘ಒಮೈ’ ಇಲ್ಲಿ ಮಾಡುತ್ತದೆ. ಸಂಸ್ಕೃತ ಓದಿದವರು ಆತ್ಮನೇಪದವನ್ನು ನೆನೆಯಬಹುದು. ಆದರೆ ನಮ್ಮಲ್ಲೂ ಒಂದು ತಮಾಷೆಯಿದೆ: ‘ಸಾಲ ಮಾಡಿದ’ ಎಂದಾಗ ‘ಕೊಳ್ಳು’ ಇಲ್ಲದೆಯೂ ಅವನು ಪಡೆದವನೇ.

ಇನ್ನೊಂದು ಕ್ರಿಯಾಪದ ‘ಕಿಖ್ರೇಮಿ’. ‘ದನೇಜೋ’ ಮುಖ್ಯವಾಗಿ ಹಣದ, ಬಡ್ಡಿಯ ವ್ಯವಹಾರಕ್ಕೆ. ಇದು ಸ್ನೇಹದಿಂದ ಬಳಕೆಗೆ ಕೊಡುವುದಕ್ಕೆ. ಲೂಕನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ನಡುರಾತ್ರಿ ಗೆಳೆಯನ ಬಾಗಿಲಿಗೆ ಬಂದು ಮೂರು ರೊಟ್ಟಿ ಕೇಳುವವನು ‘ಖ್ರೇಸೊನ್’ ಎನ್ನುತ್ತಾನೆ. ಅದು ಇದರದೇ ರೂಪ. ಅದೇ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ, ಮರಳಿ ಬರುವ ನಿರೀಕ್ಷೆಯಿಂದ ಕೊಡುವ ಸಾಲದ ಮಾತಿಗೆ ಮೊದಲಿನ ಕ್ರಿಯಾಪದ ಬರುತ್ತದೆ.

ಅಥಣಿ ಸೀಮೆಯ ಐಗಳಿಯಲ್ಲಿ ಈ ವ್ಯತ್ಯಾಸವನ್ನು ಯಾರಿಗೂ ಕಲಿಸಬೇಕಿಲ್ಲ. ‘ಯಕ್ಕಾ, ಒಂದ್ ಸೇರ ಜ್ವಾಳದ ಹಿಟ್ಟ ಕಡಾ ಕೊಡ’ ಎಂದು ಪಕ್ಕದ ಮನೆಯಾಕೆ ಕೇಳಿದರೆ ಅದು ಕಡ. ಹಿಟ್ಟಿಗೆ ಹಿಟ್ಟು ಮರಳಿಸಿದರೆ ಮುಗಿಯಿತು. ಅಂಗಡಿಯಿಂದ ತಂದದ್ದು ಉದ್ರಿ. ದ್ರಾಕ್ಷಿ ತೋಟಕ್ಕೆಂದು ಪತ್ತಿನ ಸಂಘದಿಂದ ಪಡೆದದ್ದು ಸಾಲ. ಅದಕ್ಕೆ ಬಡ್ಡಿಯುಂಟು, ಜಾಮೀನುಂಟು, ಕಂತಿನ ತಾರೀಖುಂಟು. ಗ್ರೀಕಿನ ಎರಡು ಕ್ರಿಯಾಪದಗಳಿಗೆ ನಮ್ಮ ಹಳ್ಳಿಯ ಮಾತು ಮೂರು ಹೆಸರು ಕೊಟ್ಟಿದೆ!

ಪ್ರತ್ಯಯದ ಯಾವ ಬದಿಯಲ್ಲಿ ನಿಂತಿದ್ದೇವೆ ಎಂಬುದು ಬರಿಯ ವ್ಯಾಕರಣವಾಗಿರಲಿಲ್ಲ. ಅಥೆನ್ಸಿನಲ್ಲಿ ಸಾಲ ತೀರಿಸಲಾರದವನು ಗುಲಾಮನಾಗಬಹುದಿತ್ತು. ದೇಹವನ್ನೇ ಒತ್ತೆಯಿಟ್ಟುಕೊಂಡು ಸಾಲ ಕೊಡುವುದನ್ನು ಸೋಲೋನ್ ನಿಲ್ಲಿಸಿದ್ದು ಕ್ರಿ.ಪೂ. 594ರ ಸುಮಾರಿಗೆ. ನಮ್ಮ ದೇಶದಲ್ಲಿ ಜೀತ ಪದ್ಧತಿ ರದ್ದತಿ ಕಾಯಿದೆ ಬಂದದ್ದು 1976ರಲ್ಲಿ.

ಕಲಿಯುವಾಗ ಒಂದನ್ನೇ ಉರುಹೊಡೆಯಬೇಡಿ, ಜೋಡಿಯಾಗಿಯೇ ಹೇಳಿಕೊಳ್ಳಿ: ‘ಎದನೇಸ’, ಸಾಲ ಕೊಟ್ಟೆ, ‘ಎದನೇಸಮೇನ್’, ಸಾಲ ಇಸಕೊಂಡೆ.