ಬಾವಿಯ ಗಪ್ಪಿ, ಜಲಪಾತದ ಗಪ್ಪಿ

ಸೊಳ್ಳೆ ಹೆಚ್ಚಾದಾಗ ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವ ಲಾರ್ವಾಹಾರಿ ಮೀನು ಗಪ್ಪಿಯನ್ನು ನೀವು ನೋಡಿರುತ್ತೀರಿ. ನಮ್ಮ ರಾಜ್ಯದ ಮಲೇರಿಯಾಪೀಡಿತ ಹಳ್ಳಿಗಳಲ್ಲೂ ಅದು ದುಡಿದಿದೆ. ಇಂದು ಅದರ ತವರಿನ ಸಂಗತಿ ಹೇಳುತ್ತೇನೆ.

ತವರು ವೆನೆಜುವೆಲಾ, ಟ್ರಿನಿಡಾಡ್ ಕಡೆಯ ತೊರೆಗಳು. ಜರ್ಮನಿಯ ಪೀಟರ್ಸ್ 1859ರಲ್ಲಿ ಇದನ್ನು ಮೊದಲು ವಿವರಿಸಿದರು. ಗಂಡು ಇಂಚಿನಷ್ಟು ಉದ್ದ, ಮೈತುಂಬ ಕಿತ್ತಳೆ, ಕಪ್ಪು, ನೀಲಿ ಚುಕ್ಕೆ. ಹೆಣ್ಣು ದೊಡ್ಡದು, ಮಾಸಲು. ಅದು ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ; ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾಪಿಡುತ್ತದೆ. ಹೀಗಾಗಿ ಹೊಸ ನೀರಿನಲ್ಲಿ ಸಂತತಿ ಬೆಳೆಯಲು ಒಂದೇ ಬಸುರಿ ಮೀನು ಸಾಕು.

ಟ್ರಿನಿಡಾಡಿನ ಉತ್ತರದ ಬೆಟ್ಟಸಾಲಿನಲ್ಲಿ ಪ್ರತಿ ಜಲಪಾತವೂ ಒಂದು ಗಡಿ. ಕೆಳಗಿನ ಮಡುಗಳಲ್ಲಿ ಪೈಕ್ ಸಿಕ್ಲಿಡ್ ಎಂಬ ದೊಡ್ಡ ಬೇಟೆಗಾರ ಮೀನಿದೆ. ಅದು ಜಲಪಾತ ಹತ್ತಲಾರದು. ಮೇಲಿರುವುದು ರಿವ್ಯುಲಸ್ ಎಂಬ ಮೀನು ಮಾತ್ರ. ಅದರ ಬಾಯಿಗೆ ಸಿಗುವುದು ಹೆಚ್ಚಾಗಿ ಎಳೆಯ ಗಪ್ಪಿಗಳೇ. ಹೆಣ್ಣಿಗೆ ಕಿತ್ತಳೆ ಚುಕ್ಕೆಯ ಗಂಡೇ ಇಷ್ಟ, ಆದರೆ ಬೇಟೆಗಾರನ ಕಣ್ಣಿಗೂ ಅವನೇ ಮೊದಲು ಬೀಳುತ್ತಾನೆ. ಅದಕ್ಕೇ ಕೆಳಗಿನ ಗಂಡುಗಳು ಮಂಕು, ಮೇಲಿನವು ಶೋಕಿಲಾಲರು!

ಜೀವವಿಜ್ಞಾನಿ ಜಾನ್ ಎಂಡ್ಲರ್ 1976ರಲ್ಲಿ ಕೆಳಗಿನ ಗಪ್ಪಿಗಳನ್ನು ಹಿಡಿದು, ಗಪ್ಪಿಯೇ ಇಲ್ಲದ, ಪೈಕ್ ಸಿಕ್ಲಿಡ್‌ನ ಕಾಟವೂ ಇಲ್ಲದ ಮೇಲಿನ ತೊರೆಗೆ ಬಿಟ್ಟರು. ಎರಡೇ ವರ್ಷದಲ್ಲಿ ಅವುಗಳ ಸಂತತಿಗೆ ಬಣ್ಣ ಏರಿತ್ತು. ಗಾಜಿನ ಮನೆಯ ಕೊಳಗಳಲ್ಲೂ ಅವರು ಇದನ್ನು ಪರೀಕ್ಷಿಸಿದರು. ಪೈಕ್ ಸಿಕ್ಲಿಡ್ ಇದ್ದಲ್ಲಿ ತಲೆಮಾರುಗಳು ಕಳೆದಂತೆ ಗಂಡಿನ ಚುಕ್ಕೆಗಳು ತಳದ ಜಲ್ಲಿಕಲ್ಲಿನ ಗಾತ್ರಕ್ಕೆ ಹೊಂದಿಕೊಂಡವು. ನನ್ನ ಮಟ್ಟಿಗೆ ಜೀವವಿಜ್ಞಾನದ ಅತಿ ಸುಂದರ ಪ್ರಯೋಗಗಳಲ್ಲಿ ಇದೂ ಒಂದು. ಡೇವಿಡ್ ರೆಜ್ನಿಕ್ ಮತ್ತು ಸಂಗಡಿಗರು 1990ರಲ್ಲಿ ಇನ್ನೊಂದು ಫಲಿತಾಂಶ ಪ್ರಕಟಿಸಿದರು. ಮೇಲೆ ಬಿಟ್ಟ ಗಪ್ಪಿಗಳ ಸಂತತಿ 11 ವರ್ಷಗಳಲ್ಲಿ ತಡವಾಗಿ ಪ್ರಾಯಕ್ಕೆ ಬರತೊಡಗಿತ್ತು, ಕಡಿಮೆ ಆದರೆ ದೊಡ್ಡ ಮರಿಗಳನ್ನು ಹಾಕತೊಡಗಿತ್ತು. ಪ್ರಯೋಗಾಲಯದಲ್ಲಿ ಸಾಕಿದಾಗಲೂ ಈ ಗುಣ ಉಳಿಯಿತು, ಅಂದರೆ ಬದಲಾದದ್ದು ವಂಶವಾಹಿ. ವಿಕಾಸ ಕಣ್ಣಿಗೆ ಕಾಣದಷ್ಟು ನಿಧಾನ ಎಂದು ಡಾರ್ವಿನ್ ನಂಬಿದ್ದರು; ಗಪ್ಪಿ ಅದನ್ನು ಕೆಲವೇ ವರ್ಷಗಳಲ್ಲಿ ಕಣ್ಣಿಗೆ ಕಾಣಿಸಿತು.

ಇಷ್ಟು ಬೇಗ ಒಗ್ಗಿಕೊಳ್ಳುವ ಜೀವಿ ನಮ್ಮ ಹಳ್ಳಕೊಳ್ಳ ಸೇರಿದರೆ ಮತ್ತೆ ಹಿಡಿದು ತೆಗೆಯುವುದು ಕಷ್ಟ. ಸೊಳ್ಳೆಮರಿ ತಿನ್ನುವ ಕಿಲ್ಲಿಮೀನುಗಳು ನಮ್ಮ ನೀರಿನಲ್ಲಿ ಮೊದಲಿಂದಲೂ ಇವೆ. ಮುಚ್ಚಿದ ಬಾವಿ, ತೊಟ್ಟಿಯಲ್ಲಿ ಗಪ್ಪಿ ಇರಲಿ, ಅಡ್ಡಿಯಿಲ್ಲ. ಅಕ್ವೇರಿಯಂ ಬೇಸರವಾಯಿತೆಂದು ಮಾತ್ರ ದಯವಿಟ್ಟು ಅದನ್ನು ಘಟ್ಟದ ತೊರೆಗೆ ಸುರಿಯಬೇಡಿ.