ಎಳ್ಳಿನ ಲೆಕ್ಕ
(ಬ್ಯಾಡಗಿಯಲ್ಲಿ ಮಾಡಿದ ಭಾಷಣ)

ಬ್ಯಾಡಗಿಯೆಂದರೆ ಜನಕ್ಕೆ ಮೆಣಸಿನಕಾಯಿ ನೆನಪಾಗುತ್ತದೆ. ಇಂದು ನನ್ನದು ಎಳ್ಳಿನ ಮಾತು.

ಎಳ್ಳು ಬಡವನ ಪೈರು. ಮುಂಗಾರಿನ ಹದಕ್ಕೆ ಬಿತ್ತಿದರೆ ಸುಮಾರು ೩ ತಿಂಗಳಿಗೆ ಕೈಗೆ ಬರುತ್ತದೆ. ಆದರೆ ಕಾಯಿ ಪೂರಾ ಒಣಗಿದರೆ ಬಿರಿದು ಕಾಳು ಮಣ್ಣುಪಾಲು. ಕೆಳಗಿನ ಕಾಯಿ ಹಳದಿಯಾದೊಡನೆ ಕೊಯ್ಯಬೇಕು. ಆಗ ಊರಿಗೆಲ್ಲ ಒಮ್ಮೆಲೇ ಆಳು ಬೇಕು, ಕೂಲಿ ಕೊಡಲು ಸಾಲ ಬೇಕು. ಸಾಲ ಮಾಡಿದವನು ಕಣದಿಂದಲೇ ಮಾರುತ್ತಾನೆ. ಬೆಲೆ ಏರುವಾಗ ಕಾಳು ಅವನ ಮನೆಯಲ್ಲಿರುವುದಿಲ್ಲ.

೨೦೨೫-೨೬ಕ್ಕೆ ಸರಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ ೯,೮೪೬ ರೂಪಾಯಿ. ಆ ಬೆಲೆಗೆ ತೂಗಿ ಕೊಳ್ಳುವವರಿಲ್ಲದಿದ್ದರೆ ಅದು ಬರಿಯ ಕಾಗದದ ಬೆಲೆ.

ಇದು ರೈತನೊಬ್ಬನ ಗೋಳಲ್ಲ. ೧೦೦ ಕಿಲೋ ಎಳ್ಳಿನಲ್ಲಿ ೪೫ರಿಂದ ೫೦ ಕಿಲೋ ಎಣ್ಣೆಯಿದೆ, ಹಿಂಡಿ ದನಕ್ಕೆ. ಆದರೂ ದೇಶದ ಅಡುಗೆಯೆಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದಿಂದ ಬರುತ್ತಿದೆ. ಕಾಳು ಬಾರದ ಗಿರಣಿಯಲ್ಲಿ ಕಾರ್ಮಿಕನಿಗೆ ಕೆಲಸವಿಲ್ಲ. ಕೂಲಿ ಕಾಣದ ಊರಿನಲ್ಲಿ ಸಣ್ಣ ಅಂಗಡಿಗೆ ಗಿರಾಕಿಯಿಲ್ಲ.

ಆದ್ದರಿಂದ ನಾವು ಕೂಡಿ ಕೇಳಬೇಕಾದದ್ದು ಮೂರು: ಕೊಯ್ಲಿಗೆ ಮುನ್ನ ಸೊಸಾಯಿಟಿಯ ಸಾಲ, ಕೊಯ್ಲಿನ ಹೊತ್ತಿಗೆ ಖರೀದಿ ಕೇಂದ್ರ, ಕಾಳಿಡಲು ಉಗ್ರಾಣ.

ಸಂಕ್ರಾಂತಿಗೆ ಕುಸುರೆಳ್ಳು ಹಂಚಿ ಎಲ್ಲರೂ ಸಿಹಿ ಮಾತಾಡುತ್ತೇವೆ. ಬೆಳೆದವನಿಗೆ ನ್ಯಾಯದ ಬೆಲೆ ಸಿಕ್ಕಾಗಲೇ ಆ ಮಾತು ನಿಜವಾದೀತು.