ತೂಕದ ಪಟ್ಟಿ, ಯಂತ್ರದ ಅಂದಾಜು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಂಗಳೂರಿನಲ್ಲಿ ಏನು ಕೆಲಸ ಮಾಡುತ್ತೀಯಾ ಎಂದು ಊರಿಗೆ ಬಂದಾಗಲೆಲ್ಲ ಹಲವರು ಕೇಳುತ್ತೀರಿ. ಆರೋಗ್ಯದ ಅಂಕಿಅಂಶಗಳನ್ನು ಕಂಪ್ಯೂಟರಿಗೆ ಕೊಟ್ಟು, ಮುಂದೆ ಯಾರಿಗೆ ಯಾವ ತೊಂದರೆ ಬರಬಹುದು ಎಂದು ಅಂದಾಜು ಮಾಡಿಸುವುದು ನನ್ನ ಕೆಲಸ. ಇದಕ್ಕೆ ಮಷೀನ್ ಲರ್ನಿಂಗ್, ಅಂದರೆ ಯಂತ್ರ ಕಲಿಕೆ ಎನ್ನುತ್ತಾರೆ. ಹದಿಹರೆಯದ ಮಕ್ಕಳ ಬೊಜ್ಜಿನ ಬಗ್ಗೆ ಈ ಯಂತ್ರ ಏನು ಹೇಳಬಲ್ಲದು, ಹೇಳಿದ ಮೇಲೆ ನಾವೇನು ಮಾಡಬೇಕು ಎಂಬುದಷ್ಟೇ ಇಂದಿನ ನನ್ನ ಮಾತು.

ಹಳ್ಳಿ ಮಕ್ಕಳಿಗೆ ಎಂಥ ಬೊಜ್ಜು ಎಂದು ನಗಬೇಡಿ. 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ, ದೇಶದ 10ರಿಂದ 19 ವರ್ಷದವರ ಪೈಕಿ ಶೇ. 24ರಷ್ಟು ಮಂದಿ ವಯಸ್ಸಿಗೆ ತಕ್ಕ ಮೈಯಿಲ್ಲದೆ ಸೊರಗಿದ್ದರು, ಶೇ. 5ರಷ್ಟು ಮಂದಿಗೆ ತೂಕ ಹೆಚ್ಚಾಗಿತ್ತು. ಎರಡೂ ಬಗೆಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರಬಹುದು.

ಹೆಚ್ಚು ತೂಕ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ ಬಿಎಂಐ. ಒಂದೂವರೆ ಮೀಟರ್ ಎತ್ತರ, 45 ಕಿಲೋ ತೂಕವಿದ್ದರೆ ಬಿಎಂಐ 20. ವಿಶ್ವ ಆರೋಗ್ಯ ಸಂಸ್ಥೆಯ 2007ರ ಕೋಷ್ಟಕದಂತೆ 16 ವರ್ಷದ ಹುಡುಗನಿಗೆ ಅದು ಸಹಜ. 10 ವರ್ಷದ ಹುಡುಗನಿಗೆ ಹೆಚ್ಚು.

ಯಂತ್ರ ಕಲಿಯುವುದು ಹಳೆಯ ದಾಖಲೆಗಳಿಂದ. ಹುಟ್ಟಿದಾಗಿನ ತೂಕ, ತಂದೆತಾಯಿಯ ತೂಕ, ಊಟ, ನಿದ್ದೆ, ಆಟ, ಇವೆಲ್ಲ ಹೇಗಿದ್ದವರಿಗೆ ಮುಂದೆ ಬೊಜ್ಜು ಬಂತು ಎಂಬುದನ್ನು ಸಾವಿರಾರು ಮಕ್ಕಳ ಲೆಕ್ಕದಿಂದ ಅದು ಹುಡುಕುತ್ತದೆ. ದಾಖಲೆಯ ಬೆಲೆ ಏನೆಂದು ತಿಳಿಯಲು ಮೈಸೂರನ್ನು ನೋಡಿ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೇ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಅದೇ ಜನರನ್ನು ಹುಡುಕಿ, ಹುಟ್ಟಿದಾಗಿನ ತೂಕಕ್ಕೂ ನಡುವಯಸ್ಸಿನ ಹೃದ್ರೋಗ, ಮಧುಮೇಹಗಳಿಗೂ ಇರುವ ನಂಟನ್ನು ಪರಿಶೀಲಿಸಿದರು. ನಮ್ಮ ಶಾಲೆಯ ಆರೋಗ್ಯ ತಪಾಸಣೆಯ ದಿನ ಎತ್ತರ, ತೂಕ ಬರೆಯುವ ಮೇಷ್ಟ್ರು, ಮೇಡಂಗಳು ಅಂದಾಜಿಗೆ ಬರೆಯದೆ ಅಳೆದೇ ಬರೆಯಬೇಕು. ತಪ್ಪು ಅಂಕಿ ಕೊಟ್ಟರೆ ಯಂತ್ರ ತಪ್ಪನ್ನೇ ಕಲಿಯುತ್ತದೆ.

"ನಮ್ಮ ಯಂತ್ರ ಶೇ. 95ರಷ್ಟು ಸರಿ ಹೇಳುತ್ತದೆ" ಎಂದು ಯಾರಾದರೂ ಬಂದರೆ ಕೂಡಲೇ ನಂಬಬೇಡಿ. ನೂರು ಮಕ್ಕಳಲ್ಲಿ ಐವರಿಗಷ್ಟೇ ತೊಂದರೆ ಇದ್ದರೆ, "ಯಾರಿಗೂ ಏನೂ ಇಲ್ಲ" ಎನ್ನುವವನೂ ಶೇ. 95ರಷ್ಟು ಸರಿಯೇ! ಆದರೆ ಅವನು ಆ ಐವರಲ್ಲಿ ಒಬ್ಬರನ್ನೂ ಗುರುತಿಸಲಿಲ್ಲ.

ಇನ್ನೊಂದು ಲೆಕ್ಕ ಮಾಡೋಣ. ಸಾವಿರ ಮಕ್ಕಳಲ್ಲಿ 50 ಮಂದಿಗೆ ಮುಂದೆ ಬೊಜ್ಜು ಬರಲಿದೆ ಎಂದುಕೊಳ್ಳಿ. ಯಂತ್ರ ಅವರಲ್ಲಿ 40 ಮಂದಿಯನ್ನು ಹಿಡಿಯಿತು. ಉಳಿದ 950 ಮಂದಿಯಲ್ಲಿ ಹತ್ತಕ್ಕೊಬ್ಬರಂತೆ 95 ಮಂದಿಯನ್ನು ತಪ್ಪಾಗಿ ಸೇರಿಸಿತು. ಪಟ್ಟಿಯಲ್ಲಿ 135 ಹೆಸರು. ಅವುಗಳಲ್ಲಿ 95 ಸುಮ್ಮನೆ ಸೇರಿದವು. ಆ ಪಟ್ಟಿಯನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಓದಿದರೆ ಏನಾಗುತ್ತದೆ, ಯೋಚಿಸಿ. "ಡುಮ್ಮ", "ಡುಮ್ಮಿ" ಎಂಬ ಅಡ್ಡಹೆಸರು ಅಂಟಿದ ಮಗು ಊಟ ಬಿಟ್ಟೀತು, ಶಾಲೆಯನ್ನೂ ಬಿಟ್ಟೀತು. ಯಂತ್ರ ಹೇಳಿದ್ದು ತೀರ್ಪಲ್ಲ, ಇನ್ನೊಮ್ಮೆ ನೋಡಿ ಎಂಬ ಸೂಚನೆ. ಅದು ವೈದ್ಯರಿಗೆ ಮತ್ತು ತಂದೆತಾಯಿಗೆ ಮಾತ್ರ, ಗುಟ್ಟಾಗಿ ತಲುಪಬೇಕು.

ಅಂದಾಜು ತಪ್ಪಿದರೂ ಯಾರಿಗೂ ಕೇಡಾಗದ ಕೆಲಸಗಳನ್ನು ಎಲ್ಲ ಮಕ್ಕಳಿಗಾಗಿ ಮಾಡೋಣ. ಎಸ್ಸೆಸ್ಸೆಲ್ಸಿ ಬಂತೆಂದು ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಡಬೇಡಿ. ಹೆಣ್ಣುಮಕ್ಕಳಿಗೂ ಮೈದಾನ ಸಿಗಲಿ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಗಳನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರ್ ಒಳಗೂ ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವೇ ಇದೆ. ಎಸ್‌ಡಿಎಂಸಿಯವರು ದಯವಿಟ್ಟು ಗಮನಿಸಿ. ಮನೆಯಲ್ಲಿ ರಾತ್ರಿ ಮೊಬೈಲ್ ಬದಿಗಿಟ್ಟು ಮಕ್ಕಳು ಹೊತ್ತಿಗೆ ಸರಿಯಾಗಿ ಮಲಗಲಿ.

ಐವತ್ತು ವರ್ಷಗಳಿಂದ ಈ ಶಾಲೆ ಮಕ್ಕಳಿಗೆ ಲೆಕ್ಕ ಕಲಿಸಿದೆ. ಈಗ ಯಂತ್ರದ ಲೆಕ್ಕವನ್ನೂ ಪ್ರಶ್ನಿಸುವುದನ್ನು ಕಲಿಸಲಿ ಎಂದು ಹಾರೈಸುತ್ತೇನೆ.